ಸಾಲವಿಲ್ಲದ ಮನೆ

ಮಾರ್ಚ್ ೧೪, ಗುರುವಾರ

ಮುದ್ದಿನ ಗುಬ್ಬೀ,

ಹೇಗಿದ್ದೀಯ ಮಗಳೇ? ಬೆಟ್ಟದ ಗಾಳಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೇ? ಸರ್ವೆ ತಂಡದಲ್ಲಿ ನೀನೊಬ್ಬಳೇ ಹುಡುಗಿ ಅಂತ ಬರೆದಿದ್ದೆಯಲ್ಲ, ಜೊತೆಗೆ ಇನ್ನೊಬ್ಬಳು ಬಂದಳಾ? ನಿನ್ನ ಮೂರು ಕಾಗದಗಳೂ ತಲುಪಿದವು. ಮೂರಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಈ ಅತ್ತೆಯ ಮೇಲೆ ಸಿಟ್ಟು ಬಂದಿದ್ದರೆ ಅದು ನ್ಯಾಯವೇ. ಬರೆಯಲು ಕೂತಾಗಲೆಲ್ಲ 'ಇಲ್ಲಿ ನಾವೆಲ್ಲ ಕ್ಷೇಮ' ಅನ್ನುವವರೆಗೆ ಬರುತ್ತೇನೆ, ಅಲ್ಲಿಗೆ ಪೆನ್ನು ನಿಂತುಬಿಡುತ್ತದೆ. ನಾಲ್ಕು ಹಾಳೆ ಹರಿದು ಹಾಕಿದ್ದೇನೆ. ಇವತ್ತು ಆ ಮಾತನ್ನೇ ಬಿಟ್ಟು ಶುರುಮಾಡಿದ್ದೇನೆ.

ಮೊದಲು ಮುಖ್ಯವಾದದ್ದು ಹೇಳಿಬಿಡುತ್ತೇನೆ. ರಜೆಗೆ ಬರುವಾಗ ನಮ್ಮ ಹಳೆಯ ಮನೆಗೆ ಹೋಗಬೇಡ. ಅಲ್ಲಿ ಬೇರೆಯವರಿದ್ದಾರೆ. ಬಸ್ಸಿಳಿದು ಲಕೋಟೆಯ ಹಿಂದೆ ಬರೆದಿರುವ ವಿಳಾಸಕ್ಕೆ ಬಾ. ಅದು ನನ್ನ ಮನೆ. ಹೌದು, ನನ್ನದೇ. ನಿಮ್ಮಪ್ಪ ಅಮ್ಮ ಇಲ್ಲಿಲ್ಲ. ಗಾಬರಿಯಾಗಬೇಡ, ಇಬ್ಬರೂ ಇದೇ ಊರಲ್ಲಿ ಇದ್ದಾರೆ, ಆದರೆ ಒಂದೇ ಕಡೆ ಇಲ್ಲ. ಎಲ್ಲ ಮೊದಲಿಂದ ಹೇಳುತ್ತೇನೆ. ನಿಧಾನವಾಗಿ ಓದು.

ಟಯರ್ ಕಾರ್ಖಾನೆ ಮುಚ್ಚಿದ್ದು ನಿನಗೆ ಗೊತ್ತು. ಆದರೆ 'ಬೇರೆ ಕಡೆ ಕೆಲಸ ಸಿಕ್ಕಿದೆ, ನೀನು ಚಿಂತೆ ಮಾಡಬೇಡ' ಅಂತ ನಿಮ್ಮಪ್ಪ ನಿನಗೆ ಬರೆದದ್ದು ನಿಜವಲ್ಲ. ಫೋರ್‌ಮನ್ ಆಗಿದ್ದವನಿಗೆ ಈ ಊರಲ್ಲಿ ಯಾರು ಕೆಲಸ ಕೊಡುತ್ತಾರೆ? ಕಾರ್ಖಾನೆಯನ್ನೇ ನಂಬಿದ್ದ ಊರು ಇದು. ಒಂದೊಂದೇ ಮನೆಯ ಗೇಟಿಗೆ 'ಮಾರಾಟಕ್ಕಿದೆ' ಅನ್ನುವ ಹಲಗೆ ಬಂತು. ನಮ್ಮ ಬೀದಿಯಲ್ಲೇ ಒಂಬತ್ತು. ಕೊಳ್ಳುವವರು ಯಾರೂ ಇಲ್ಲ. ಪ್ರತಿ ವಾರ ಬೆಲೆ ಇಳಿಯುತ್ತಾ ಹೋಯಿತು. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೂ ಹೊಸ ಕನ್ನಡಕ ಕೇಳಿಕೊಂಡು ಬರುವವರು ನಿಂತರು. ಹಳೆಯ ಫ್ರೇಮಿಗೇ ತಂತಿ ಸುತ್ತಿಕೊಡಿ, ಗೀರು ಬಿದ್ದ ಗಾಜನ್ನೇ ಸ್ವಲ್ಪ ಉಜ್ಜಿಕೊಡಿ ಅನ್ನುವವರೇ ಎಲ್ಲ.

ಊರೆಲ್ಲ ಹೀಗೆ ಕುಸಿಯುತ್ತಿದ್ದಾಗ, ಗುಬ್ಬೀ, ನನಗೊಬ್ಬಳಿಗೆ ಆಸೆ ಚಿಗುರಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ನಿನ್ನ ಹತ್ತಿರ ಮುಚ್ಚಿಟ್ಟು ಏನು ಮಾಡಲಿ?

ಇಪ್ಪತ್ತೊಂಬತ್ತು ವರ್ಷ ನಿಮ್ಮ ಅಡುಗೆಮನೆಯ ಹಿಂದಿನ ಕೋಣೆಯಲ್ಲಿದ್ದೆ. ಯಾರೂ ನನ್ನನ್ನು 'ಹೋಗು' ಅನ್ನಲಿಲ್ಲ. ಹೊಟ್ಟೆಗೆ ಬಟ್ಟೆಗೆ ಕಡಿಮೆ ಮಾಡಲಿಲ್ಲ. ಆದರೆ ನಿನಗೆ ನೆನಪಿರಬೇಕು, ಆ ಕೋಣೆಯಲ್ಲಿ ನನ್ನ ಹಾಸಿಗೆಯ ಜೊತೆ ಅಕ್ಕಿ ಮೂಟೆ, ಮುರಿದ ಫ್ಯಾನು, ಮನೆಗೆ ಬೇಡವಾದ ಸಾಮಾನೆಲ್ಲ ಇರುತ್ತಿತ್ತು. ಮನೆಗೆ ಯಾರಾದರೂ ಬಂದರೆ ನಿಮ್ಮಮ್ಮ 'ಇವಳು ನಮ್ಮವರ ತಂಗಿ, ನಮ್ಮ ಜೊತೆಗೇ ಇರ್ತಾಳೆ' ಅನ್ನುತ್ತಿದ್ದರು. ಅದರಲ್ಲಿ ತಪ್ಪೇನಿಲ್ಲ. ಆದರೂ ಆ 'ಜೊತೆಗೇ' ಅನ್ನುವ ಮಾತು ಪ್ರತಿ ಸಲ ಎಲ್ಲೋ ಚುಚ್ಚುತ್ತಿತ್ತು. ಹತ್ತು ವರ್ಷದ ಹಿಂದೆ ಗುಟ್ಟಾಗಿ ಬ್ಯಾಂಕಿಗೆ ಹೋಗಿ ಮನೆ ಸಾಲ ಸಿಗುತ್ತದಾ ಅಂತ ಕೇಳಿದ್ದೆ. ಮ್ಯಾನೇಜರು 'ನಿಮ್ಮಣ್ಣನ್ನ ಕರ್ಕೊಂಡು ಬನ್ನಿ ಅಮ್ಮಾ, ಅವರ ಹೆಸರಲ್ಲಿ ನೋಡೋಣ' ಅಂದರು. ಎದ್ದು ಬಂದೆ. ಸಾಲದ ಮನೆ ನನ್ನ ಹಣೆಯಲ್ಲಿ ಬರೆದಿಲ್ಲ, ಕೈಯಲ್ಲಿ ಪೂರ್ತಿ ದುಡ್ಡಿದ್ದರೆ ಮಾತ್ರ ಅಂತ ಅವತ್ತೇ ಗೊತ್ತಾಯಿತು. ಆ ಪೂರ್ತಿ ದುಡ್ಡು ಯಾವತ್ತೂ ಪೂರ್ತಿಯಾಗುತ್ತಿರಲಿಲ್ಲ. ನಾನು ಒಂದು ಹೆಜ್ಜೆ ಇಟ್ಟರೆ ಮನೆಯ ಬೆಲೆ ಹತ್ತು ಹೆಜ್ಜೆ ಓಡುತ್ತಿತ್ತು. ಈ ವರ್ಷ ಮೊದಲ ಬಾರಿಗೆ ಅದು ತಿರುಗಿ ನನ್ನ ಕಡೆಗೇ ಬರತೊಡಗಿತು.

ನೀರಿನ ಟ್ಯಾಂಕಿನ ಹಿಂದಿನ ಓಣಿಯಲ್ಲಿ ಒಬ್ಬ ಬಡಗಿಯ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲು. ಬಾಗಿಲು, ಕಪಾಟು, ಕಿಟಕಿ ಎಲ್ಲ ಆತನೇ ಕೈಯಾರೆ ಮಾಡಿದ್ದು. ಮಗಳ ಊರಿಗೆ ಹೋಗಿ ನೆಲೆಸಬೇಕು ಅಂತ ಮಾರುತ್ತಿದ್ದ. ಬ್ರೋಕರ್ ನನ್ನ ಕಿವಿಯಲ್ಲಿ 'ಅಮ್ಮಾ, ಅವಸರ ಬೇಡ. ಪೂರ್ತಿ ಹಣ ಕೈಯಲ್ಲಿ ಇಟ್ಕೊಂಡಿರೋರು ಈ ಊರಲ್ಲಿ ನೀವೊಬ್ರೇ. ಇನ್ನೂ ಇಳಿಸ್ತಾನೆ' ಅಂದ. ಜನ್ಮದಲ್ಲಿ ಯಾರೂ ನನ್ನನ್ನು ಹಾಗೆ ಕಂಡಿರಲಿಲ್ಲ. ತಲೆಗೆ ಏರಿತು ಅಂತ ಕಾಣುತ್ತದೆ. ಮೂರು ವಾರ ಆಟವಾಡಿಸಿದೆ. ಒಂದು ವಾರ ಹೋಗಿ ಗೋಡೆ ತೇವ ಅಂದೆ. ಇನ್ನೊಂದು ವಾರ ಓಣಿ ಇಕ್ಕಟ್ಟು ಅಂದೆ. ಮೂರನೆಯ ಸಲ ಬಡಗಿ ನನ್ನ ಮಾತು ಮುಗಿಯುವವರೆಗೂ ಕಾಯಲಿಲ್ಲ.

'ಅಕ್ಕಾ, ನೀವೇ ಒಂದು ರೇಟು ಹೇಳಿಬಿಡಿ. ಅದಕ್ಕೇ ಆಯ್ತು ಅಂತೀನಿ. ತಪ್ಪು ಹುಡುಕಬೇಡಿ ಸಾಕು' ಅಂದ.

ನಾನು ಹೇಳಿದೆ. ಆತ ಬಾಗಿಲ ಚೌಕಟ್ಟು ಹಿಡಿದುಕೊಂಡು 'ಆಯ್ತು' ಅಂದ. ನನಗೆ ಖುಷಿಯಾಗಬೇಕಿತ್ತು. ಮನೆಗೆ ಬಂದು ಮುಖ ತೊಳೆದುಕೊಂಡೆ, ಅಷ್ಟೇ.

ನೋಂದಣಿ ಕಚೇರಿಯ ಗುಮಾಸ್ತ ಮಾತ್ರ ನಗಿಸಿದ. 'ಸಾಲ ಯಾವ ಬ್ಯಾಂಕಿಂದು?' ಅಂತ ಕೇಳಿದ. 'ಸಾಲ ಇಲ್ಲ' ಅಂದೆ. 'ಗಂಡನ ಹೆಸರು?' 'ಗಂಡನೂ ಇಲ್ಲ.' ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದ. ಅವನ ಕನ್ನಡಕ ಎಡಗಡೆ ಸೊಟ್ಟಗಾಗಿತ್ತು. ಸುಮ್ಮನಿರಲಾಗದೆ ಕೈಚಾಚಿ ಇಸಿದುಕೊಂಡು ಕಡ್ಡಿ ಬಗ್ಗಿಸಿ ಸರಿಮಾಡಿಕೊಟ್ಟೆ. 'ಅಬ್ಬಾ, ಎರಡು ವರ್ಷದ ಮೇಲೆ ಅಕ್ಷರ ನೆಟ್ಟಗಾಯ್ತು ನೋಡಿ' ಅಂದ. ಕಾಗದಪತ್ರ ಎದೆಗವಚಿಕೊಂಡು ನಡೆದುಕೊಂಡೇ ಬಂದೆ. ಆಟೋಗೆ ಕೊಡಲು ಚಿಲ್ಲರೆಯೂ ಉಳಿದಿರಲಿಲ್ಲ.

ನನ್ನ ಸಂತೋಷ ಹದಿನಾರು ದಿನ ಇತ್ತು. ಹದಿನೇಳನೆಯ ದಿನ ಅಂಗಡಿಯಿಂದ ಹಿಂತಿರುಗಿದರೆ, ನಾವೆಲ್ಲ ಇನ್ನೂ ಇದ್ದ ಹಳೆಯ ಮನೆಯ ಬಾಗಿಲ ಮೇಲೆ ಬ್ಯಾಂಕಿನ ನೋಟೀಸು. ಹರಾಜು, ದಿನಾಂಕ, ನಿಮ್ಮಪ್ಪನ ಪೂರ್ತಿ ಹೆಸರು, ನಮ್ಮಪ್ಪನ ಹೆಸರು, ಎಲ್ಲ ದಪ್ಪಕ್ಷರದಲ್ಲಿ. ಮಹಡಿ ಕಟ್ಟಿಸಲು ತೆಗೆದ ಸಾಲ. ಹನ್ನೊಂದು ತಿಂಗಳಿಂದ ಕಂತು ಕಟ್ಟಿರಲಿಲ್ಲವಂತೆ. ಬಂದ ಕಾಗದಗಳನ್ನೆಲ್ಲ ಅವನು ಹಳೆಯ ಬೂಟಿನ ಡಬ್ಬದಲ್ಲಿ ಬಚ್ಚಿಟ್ಟಿದ್ದ. ಬೆಲೆ ಬಿದ್ದು ಬಿದ್ದು, ಮನೆ ಮಾರಿದರೂ ಸಾಲ ತೀರದ ಸ್ಥಿತಿ. ನಿಮ್ಮಮ್ಮ ಅಂಗಳದಲ್ಲೇ ಕುಸಿದು ಕೂತರು. ನಿಮ್ಮಪ್ಪ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದ, ಶೂ ಕೂಡ ಬಿಚ್ಚಿರಲಿಲ್ಲ.

ನಾನು ಓಡಿದ್ದು ಬ್ರೋಕರ್ ಹತ್ತಿರ. 'ಮನೆ ಮಾರಿಕೊಡಪ್ಪ, ಕೊಂಡ ಬೆಲೆಗೇ ಬೇಕಿಲ್ಲ, ಸ್ವಲ್ಪ ಕಡಿಮೆಯಾದರೂ ಸರಿ' ಅಂದೆ. ಅವನಿಗೆ ನಗು ಬಂತು, ಆಮೇಲೆ ನನ್ನ ಮುಖ ನೋಡಿ ನಗು ನುಂಗಿಕೊಂಡ. 'ಅಮ್ಮಾ, ಯಾರಿಗೆ ಮಾರಲಿ? ಇದ್ದ ಒಬ್ಬ ಗಿರಾಕಿ ನೀವೇ.' ಅರ್ಧ ಬೆಲೆಗೆ ಕೇಳಿಸಿದೆ. ಅರ್ಧದಲ್ಲಿ ಅರ್ಧಕ್ಕೆ ಕೇಳಿಸಿದೆ. ನೋಡಲೂ ಒಬ್ಬರು ಬರಲಿಲ್ಲ. ಬ್ಯಾಂಕಿಗೆ ಹೋಗಿ ಮ್ಯಾನೇಜರ ಮೇಜಿನ ಮೇಲೆ ನನ್ನ ಮನೆ ಪತ್ರ ಇಟ್ಟೆ, 'ಇದನ್ನ ಇಟ್ಕೊಳ್ಳಿ, ಅದನ್ನ ಬಿಡಿ' ಅಂತ ಕೈಮುಗಿದೆ. ಅವರು ಪತ್ರವನ್ನು ಬೆರಳ ತುದಿಯಲ್ಲಿ ನನ್ನ ಕಡೆಗೇ ಸರಿಸಿದರು. 'ಈಗಾಗಲೇ ನಮ್ಮ ಹತ್ತಿರ ಇಂಥವು ನಲವತ್ತಿವೆ ಅಮ್ಮಾ.' ಒಂದು ತಿಂಗಳ ಹಿಂದೆ ನನ್ನ ಕೈಯಲ್ಲಿ ದುಡ್ಡಿತ್ತು. ಈಗ ಇಟ್ಟಿಗೆ ಇತ್ತು. ಇಟ್ಟಿಗೆ ಯಾರಿಗೂ ಬೇಕಿರಲಿಲ್ಲ.

ಹರಾಜಿಗೆ ಮೂವರೇ ಬಂದಿದ್ದರು. ನಮ್ಮ ಮನೆ ತಗೊಂಡವನು ಪಕ್ಕದ ಊರಿನ ಲಾರಿ ಮಾಲೀಕ, ಸಭ್ಯಸ್ಥ. ಅವನೂ ನನ್ನ ಹಾಗೇ ಸಾಲವಿಲ್ಲದೆ ಪೂರ್ತಿ ಹಣ ತಂದಿದ್ದ. ನಿಮ್ಮಮ್ಮನಿಗೆ ನಮಸ್ಕಾರ ಮಾಡಿ 'ಸಾಮಾನು ತೆಗೆಯೋಕೆ ಎಷ್ಟು ದಿನ ಬೇಕೋ ತಗೊಳ್ಳಿ ಅಮ್ಮಾ' ಅಂದ. ಅವನನ್ನು ದ್ವೇಷಿಸೋಣ ಅಂದರೆ ಅದೂ ಆಗಲಿಲ್ಲ.

ಇವತ್ತಿಗೆ ಇಷ್ಟು ಸಾಕು. ಕೈ ನೋಯುತ್ತಿದೆ.

ಶನಿವಾರ

ನಿನ್ನೆ ಬರೆಯಲಾಗಲಿಲ್ಲ. ಅಂಗಡಿಯಲ್ಲಿ ಗಾಜಿನ ಅಂಚು ಉಜ್ಜುವಾಗ ಕೈ ಜಾರಿ ಎರಡು ಒಡೆದೆ. ಮೂವತ್ತು ವರ್ಷದಲ್ಲಿ ಮೊದಲ ಸಲ. ಮಾಲೀಕರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಈಗ ನಿಮ್ಮಮ್ಮ ಬೇಕರಿಯ ಮೇಲೆ ಒಂದು ಬಾಡಿಗೆ ಕೋಣೆಯಲ್ಲಿದ್ದಾರೆ. ಬೆಳಗಾದರೆ ಕೆಳಗೆ ಅದೇ ಬೇಕರಿಯಲ್ಲಿ ಟ್ರೇ ತೊಳೆಯುತ್ತಾರೆ. 'ಅತ್ತಿಗೆ, ನನ್ನ ಮನೆ ಇದೆಯಲ್ಲ, ಎರಡು ಕೋಣೆಯಲ್ಲಿ ಒಂದು ನಿಮ್ಮದು' ಅಂತ ಮೂರು ಸಲ ಹೋಗಿ ಕರೆದೆ. ಮೂರನೆಯ ಸಲ ಅವರು ಕೈ ಒರೆಸಿಕೊಂಡು ಹೊರಗೆ ಬಂದರು.

'ನಿನ್ನ ಹತ್ರ ಅಷ್ಟು ದುಡ್ಡಿತ್ತು. ಒಂದೇ ಸೂರಿನ ಕೆಳಗೆ ಉಂಡು, ನಮ್ಮ ಮನೆ ಮುಳುಗೋದನ್ನ ನೋಡ್ತಾ ಕೂತಿದ್ದೆ' ಅಂದರು.

'ನನಗೆ ಏನು ಗೊತ್ತಿತ್ತು ಅತ್ತಿಗೆ? ಅಣ್ಣ ಒಂದು ಮಾತು ಕೇಳಲಿಲ್ಲ' ಅಂದೆ.

'ಕೇಳಿದ್ರೆ ಕೊಡ್ತಿದ್ದೆಯಾ?'

ಅಷ್ಟು ಕೇಳಿ ಒಳಗೆ ಹೋದರು. ನನ್ನ ಉತ್ತರಕ್ಕೆ ನಿಲ್ಲಲಿಲ್ಲ.

ನಿಮ್ಮಪ್ಪ ಈಗ ಮುಚ್ಚಿದ ಕಾರ್ಖಾನೆಯ ಗೇಟು ಕಾಯುತ್ತಾನೆ. ಒಳಗಿನ ಯಂತ್ರಗಳನ್ನು ಯಾರೂ ಕದಿಯದ ಹಾಗೆ ನೋಡಿಕೊಳ್ಳುವ ಕೆಲಸ. ಗೇಟಿನ ಪಕ್ಕದ ತಗಡಿನ ಗೂಡಿನಲ್ಲೇ ವಾಸ. ನಿಮ್ಮಮ್ಮನ ಮುಖ ನೋಡಲು ಆಗುವುದಿಲ್ಲ ಅಂತ ಅಲ್ಲಿಗೆ ಹೋಗುವುದಿಲ್ಲ. ನನ್ನ ಮನೆಗೂ ಬರುವುದಿಲ್ಲ. ಇವತ್ತು ಮಧ್ಯಾಹ್ನ ಊಟ ಕಟ್ಟಿಕೊಂಡು ಹೋಗಿದ್ದೆ. ತುಂಬ ಇಳಿದುಹೋಗಿದ್ದಾನೆ ಗುಬ್ಬೀ. ಅಂಗಿಯ ಕಾಲರಿನೊಳಗೆ ಕುತ್ತಿಗೆ ತಿರುಗುತ್ತದೆ, ಕಾಲರು ತಿರುಗುವುದಿಲ್ಲ. ನನ್ನೆದುರೇ ಡಬ್ಬಿ ಬಿಚ್ಚಿ ಎರಡು ತುತ್ತು ತಿಂದು ಮುಚ್ಚಿಟ್ಟ.

'ಮನೆಗೆ ಬಾ ಅಣ್ಣ' ಅಂದೆ.

'ಬರ್ತೀನಿ ಬಿಡು. ಗೇಟು ಬಿಟ್ಟು ಬರೋಕಾಗಲ್ಲ.'

'ಗುಬ್ಬಿಗೆ ಏನಂತ ಬರೀಲಿ?'

ಅವನು ಎದ್ದು ಗೇಟಿನ ಬೀಗ ಎಳೆದು ನೋಡಿದ. ಆಮೇಲೆ, 'ಅಪ್ಪ ಕಾರ್ಖಾನೆಗೆ ವಾಪಸ್ ಹೋಗ್ತಿದ್ದಾನೆ ಅಂತ ಬರಿ. ಸುಳ್ಳಲ್ಲವಲ್ಲ' ಅಂದ. ನಗಲು ಹೋದ. ಬಾಯಿ ನಗಲಿಲ್ಲ.

ನನಗೆ ಭಯವಾಗುತ್ತಿದೆ ಮಗಳೇ. ಹೇಗೆ ಹೇಳಲಿ, ಅವನು ನನ್ನ ಜೊತೆ ಮಾತಾಡುವಾಗ ಎಲ್ಲೋ ಹೊರಟು ನಿಂತವನ ಹಾಗೆ ಮಾತಾಡುತ್ತಾನೆ. ಅವನ ಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟು 'ಗುಬ್ಬಿ ಬಂದಾಗ ಕೊಡು' ಅಂದ. ನಾನು ಅದನ್ನು ತಿರುಗಿ ಅವನ ಕೈಗೇ ಕಟ್ಟಿ, 'ನೀನೇ ಕೊಡು' ಅಂತ ಗದರಿ ಬಂದೆ. ಬರುವಾಗ ಗೇಟಿನ ಎದುರಿನ ಚಹಾ ಅಂಗಡಿಯವನಿಗೆ 'ನಮ್ಮಣ್ಣನ ಮೇಲೆ ಒಂದು ಕಣ್ಣಿಡಪ್ಪ' ಅಂತ ಹೇಳಿ ಬಂದಿದ್ದೇನೆ. ನಾಳೆಯಿಂದ ಎರಡು ಹೊತ್ತೂ ನಾನೇ ಹೋಗುತ್ತೇನೆ, ಅವನು ಬೈದರೂ ಹೋಗುತ್ತೇನೆ. ಆದರೆ ನನ್ನಿಂದ ಆಗುವುದು ಅಷ್ಟೇ. ನಿನ್ನ ಮಾತಾದರೆ ಕೇಳುತ್ತಾನೆ. ರಜೆಯವರೆಗೆ ಕಾಯಬೇಡ. ಈ ಕಾಗದ ಕೈಗೆ ಸಿಕ್ಕಿದ ದಿನವೇ ಹೊರಡು. ಸಾಹೇಬರಿಗೆ ಏನು ಕಾರಣ ಹೇಳುತ್ತೀಯೋ ಹೇಳು, ಅತ್ತೆ ಸಾಯುತ್ತಿದ್ದಾಳೆ ಅಂತ ಬೇಕಾದರೂ ಹೇಳು.

ಬೆಟ್ಟ ಇಳಿಯುವಾಗ ಜೋಪಾನ. ಸ್ವೆಟರ್ ಹಾಕಿಕೋ, ಹಸಿದುಕೊಂಡು ಪ್ರಯಾಣ ಮಾಡಬೇಡ. ನಿನ್ನ ಬಾಳು ನಮ್ಮ ಯಾರ ಬಾಳಿನ ಹಾಗೂ ಆಗದಿರಲಿ. ನೀನು ಕಾಲಿಟ್ಟ ಕಡೆ ನೆಲ ಗಟ್ಟಿಯಾಗಿರಲಿ.

ನಿನ್ನನ್ನು ಎತ್ತಿ ಆಡಿಸಿದ,
ಅತ್ತೆ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಮೇಲೆ ನಿಮ್ಮಮ್ಮನಿಗೆ ಹೇಳಿದೆ ಅಂತ ಬರೆದೆನಲ್ಲ, ಅಣ್ಣ ಕೇಳಲಿಲ್ಲ ಅಂತ, ಅದು ಸುಳ್ಳು. ಅವನು ಕೇಳಿದ್ದ. ಬಡಗಿ ರೇಟಿಗೆ ಒಪ್ಪಿದ ವಾರ, ಒಂದು ಮಧ್ಯಾಹ್ನ ಅಂಗಡಿಗೆ ಬಂದು ಗಿರಾಕಿಗಳ ಕುರ್ಚಿಯಲ್ಲಿ ಕೂತ. ಐವತ್ತೆರಡು ವರ್ಷದ ನನ್ನನ್ನು 'ಪುಟ್ಟೀ' ಅಂತ ಕರೆದು, ಬ್ಯಾಂಕಿನವರು ಮನೆ ಹಿಡಿಯುತ್ತಾರೆ, ನಿನ್ನ ಹತ್ರ ಏನಾದರೂ ಇದ್ದರೆ ಕೊಡ್ತೀಯಾ ಅಂದ. ಇಡೀ ಜೀವಮಾನದಲ್ಲಿ ಅವನು ನನ್ನ ಹತ್ತಿರ ಏನನ್ನೂ ಕೇಳಿದವನಲ್ಲ. ನಾನು ಕೈಯಲ್ಲಿದ್ದ ಗಾಜಿನಿಂದ ಕಣ್ಣೆತ್ತದೆ, 'ಅಯ್ಯೋ ಅಣ್ಣ, ನಿನ್ನೆ ತಾನೇ ಒಂದು ಮನೆಗೆ ಅಡ್ವಾನ್ಸ್ ಕೊಟ್ಟುಬಿಟ್ಟೆ, ಇನ್ನು ವಾಪಸ್ ಬರಲ್ಲ' ಅಂದೆ. ಅವನು ಒಂದು ಚೂರೂ ಬೇಸರ ತೋರಿಸಲಿಲ್ಲ. 'ಹೌದಾ? ಮನೆ ತಗೊಂಡೆಯಾ? ಒಳ್ಳೇದಾಯ್ತು ಬಿಡು ಪುಟ್ಟೀ' ಅಂತ ಎದ್ದು ನನ್ನ ತಲೆ ಸವರಿದ. ಬಾಗಿಲವರೆಗೆ ಹೋಗಿ ತಿರುಗಿ, 'ಮಲಗೋ ಕೋಣೆಗೆ ಗಾಳಿ ಬರುತ್ತಾ? ನಮ್ಮನೇಲಿ ನಿನಗೆ ಅದೊಂದು ಕೊಡೋಕಾಗಲಿಲ್ಲ' ಅಂದ. ಬರುತ್ತೆ ಅಂದೆ. ಹೋದ. ಗುಬ್ಬೀ, ನಾನಿನ್ನೂ ಅಡ್ವಾನ್ಸ್ ಕೊಟ್ಟಿರಲಿಲ್ಲ. ಮರುದಿನ ಬೆಳಿಗ್ಗೆ ಅಂಗಡಿಗೆ ಅರ್ಧ ದಿನ ರಜೆ ಹೇಳಿ, ಹೋಗಿ ಕೊಟ್ಟು ಬಂದೆ.