ಬಯಲು ಎಂದು ಬರೆದ ಜಾಗ

ಹೊಸಕೊಪ್ಪಲು,
ಕೆ. ಹೊಸಕೋಟೆ ಹೋಬಳಿ, ಆಲೂರು ತಾಲ್ಲೂಕು
೧೮ ಮೇ ೨೦೦೩, ಭಾನುವಾರ

ಮಗಳು ಆಶಾಳಿಗೆ, ನಿನ್ನ ಸೋದರಮಾವ ಚಂದ್ರಯ್ಯನ ಆಶೀರ್ವಾದ.

ನಿನ್ನ ಮೂರು ಕಾಗದಗಳೂ ಬಂದು ಸೇರಿವೆ. ಮೊದಲನೆಯದು ಸಂಕ್ರಾಂತಿ ಕಳೆದ ವಾರವೇ ಬಂದಿತ್ತು. ನಾಲ್ಕು ತಿಂಗಳು ಉತ್ತರ ಬರೆಯದೆ ಕೂತವನನ್ನು ನೀನು ಬೈದುಕೊಂಡಿದ್ದರೆ ತಪ್ಪಿಲ್ಲ. ಕನ್ನಡಕದ ಕಡ್ಡಿ ಮುರಿದಿತ್ತು ಎಂದು ಬರೆಯಬಹುದು. ಮುರಿದದ್ದು ನಿಜ. ಆದರೆ ಅದಕ್ಕೆ ದಾರ ಕಟ್ಟಿಕೊಂಡು ದಿನವೂ ಪೇಪರ್ ಓದುತ್ತಿದ್ದೆ.

ಮೆಟ್ಟೂರಿನಲ್ಲಿ ಕೂತು ಹನ್ನೆರಡು ವರ್ಷವಾದರೂ ನಿನ್ನ ಕೈ ಕನ್ನಡ ಮರೆತಿಲ್ಲ. ನಮ್ಮ ಜಗಲಿಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಸ್ಲೇಟಿನ ಮೇಲೆ ಬರೆಯುತ್ತಿದ್ದವಳು ನೀನು. ನಾನು ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಿದವನಲ್ಲ, ಎಸ್ಟೇಟಿನ ರೈಟರೊಬ್ಬರು ಬಿಸಾಡಿದ ಹಾಜರಿ ಪುಸ್ತಕ ನೋಡಿಕೊಂಡು ಕಲಿತವನು. ನಿಮ್ಮತ್ತೆ ಸುಲೋಚನಮ್ಮ ನಿನ್ನ ಕಾಗದವನ್ನು ಎರಡು ಸಲ ಓದಿಸಿಕೊಂಡಳು. ಅವಳ ಮಂಡಿನೋವು ಹಾಗೇ ಇದೆ. ಕಾಫಿ ಗಿಡ ಹೂ ಬಿಡುವ ಹೂಮಳೆ ತಡವಾಗಿ ಬಿತ್ತು. ಹಿನ್ನೀರು ಹಿಂದೆಂದೂ ಇಲ್ಲದಷ್ಟು ಕೆಳಗೆ ಹೋಗಿದೆ, ಹಳೇ ಊರಿನ ಬಸವಣ್ಣನ ಗುಡಿಯ ಗೋಡೆ ಸೊಂಟದವರೆಗೆ ಕಾಣುತ್ತಿದೆ.

ನಿನ್ನ ಗಂಡ ವಡಿವೇಲುವಿಗೆ ಇಲ್ಲಿ ಮೀನು ಹಿಡಿಯಲು ಪರವಾನಗಿ ಸಿಕ್ಕಿದೆ, ಆಗಸ್ಟಿನಲ್ಲಿ ನೀರು ತುಂಬಿದ ಮೇಲೆ ಹರಿಗೋಲು ಸಮೇತ ಬರುತ್ತೀರಿ ಎಂದು ಬರೆದಿದ್ದೀಯ. ಜೊತೆಗೆ ಎರಡು ಮಾತು ಕೇಳಿದ್ದೀಯ. ಅಪ್ಪನ ಕಡೆಯವರು ಈ ಗುಡ್ಡಗಳ ನಡುವೆ ಹೇಗೆ ಬಂದರು ಎನ್ನುವುದೊಂದು. ನಿಮ್ಮವ್ವನ ಟ್ರಂಕಿನಲ್ಲಿರುವ ನೀರೊಳಗಿನ ಊರಿನ ನಕ್ಷೆ ಮಡಿಕೆ ಮಡಿಕೆಯಲ್ಲೂ ಹರಿದುಹೋಗಿದೆ, ಅದನ್ನು ಹೊಸದಾಗಿ ಬರೆದುಕೊಡಿ ಎನ್ನುವುದು ಇನ್ನೊಂದು. ಮೊದಲನೆಯದನ್ನು ಮೊದಲು ಹೇಳುತ್ತೇನೆ.

ಗೊರೂರಿನಲ್ಲಿ ಅಣೆಕಟ್ಟು ಮುಗಿಯುತ್ತಾ ಬಂದಾಗ ನಮ್ಮ ಊರಿಗೆ ನೋಟೀಸು ಬಂತು. ಓದಲು ಬರುತ್ತಿದ್ದವನು ನಾನೊಬ್ಬ. ಗುಡಿಯ ಕಟ್ಟೆಯ ಮೇಲೆ ನಿಂತು ಓದಿ ಹೇಳಿದೆ: ಮನೆ ಬಿಡಬೇಕು, ಹೊಲದಲ್ಲಿರುವ ಮರಗಳನ್ನೆಲ್ಲ ಬುಡದವರೆಗೆ ಕಡಿಯಬೇಕು. ಮನೆ ಬಿಡಲು ಒಪ್ಪಿದರು. ಮರ ಕಡಿಯಲು ಯಾರೂ ಕೊಡಲಿ ಎತ್ತಲಿಲ್ಲ. ನೀರು ಇಲ್ಲಿವರೆಗೆ ಬರುವುದಿಲ್ಲ ಎನ್ನುವ ಆಸೆ ಎಲ್ಲರಿಗೂ. ನಾನೇ ಮನೆಮನೆಗೆ ಹೋಗಿ ಒಪ್ಪಿಸಿದೆ. ಪಕ್ಕದ ಚೌಡಮ್ಮ ತನ್ನ ಮಾವಿನ ಮರ ತಬ್ಬಿಕೊಂಡು ನಿಂತುಬಿಟ್ಟಳು.

"ನಿಮ್ಮಪ್ಪನ ಸಮಾಧಿ ತಾವ ಹಲಸಿನ ಮರ ಐತಲ್ಲ, ಅದನ್ನ ಕಡ್ದೇನಪ್ಪಾ ನೀನು?" ಎಂದು ಕೇಳಿದಳು.

"ಕಡ್ದೆ ಕಣವ್ವ, ಮೊನ್ನೆನೇ," ಎಂದೆ.

ಅವಳು ಮರ ಬಿಟ್ಟಳು. ಅವಳು ಬಿಟ್ಟ ಮೇಲೆ ಉಳಿದವರೂ ಬಿಟ್ಟರು.

ನೀರು ನಿಂತ ಎರಡನೇ ವರ್ಷ ಒಂದು ಲಾರಿ ಬಂತು. ಅದರ ಮೇಲೆ ಬೋರಲು ಹಾಕಿದ ಹನ್ನೊಂದು ಹರಿಗೋಲು, ದೂರದಿಂದ ನೋಡಿದರೆ ದೊಡ್ಡ ದೊಡ್ಡ ಬುಟ್ಟಿ. ಇಳಿದವರು ತಮಿಳುನಾಡಿನ ಮೆಟ್ಟೂರಿನ ಮೀನುಗಾರರು. ಅಣೆಕಟ್ಟಿನ ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಹೋಗುವುದೇ ಅವರ ಬದುಕು ಎಂದು ಆಮೇಲೆ ತಿಳಿಯಿತು. ನಮ್ಮವರು ದಂಡೆಯ ಮೇಲೆ ನಿಂತು ನೋಡಿದರು. ಊರು ಕಳೆದುಕೊಂಡು ಎರಡು ವರ್ಷವೂ ತುಂಬಿರಲಿಲ್ಲ, ಅಷ್ಟರಲ್ಲಿ ಅದೇ ನೀರಿನಿಂದ ಅನ್ನ ತೆಗೆಯಲು ಬೇರೆಯವರು ಬಂದಿದ್ದರು. "ನಮ್ಮಪ್ಪದೀರ ಸಮಾಧಿ ಮ್ಯಾಲೆ ಬಲೆ ಬಿಡ್ತಾವಲ್ಲೋ ಇವು," ಎಂದರು. ಬೋರ್‌ವೆಲ್ಲಿನಲ್ಲಿ ನೀರು ಹಿಡಿಯಲು ಬಿಡಲಿಲ್ಲ. ಮೀನು ವಾಸನೆ ಎಂದು ಮೂಗು ಮುಚ್ಚಿಕೊಂಡವರೇ ಸಂಜೆ ಮಕ್ಕಳ ಕೈಯಲ್ಲಿ ಚೀಲ ಕೊಟ್ಟು ಕಳಿಸುತ್ತಿದ್ದರು, ಅದನ್ನೂ ಬರೆದಿಡುತ್ತೇನೆ.

ಹರಿಗೋಲಿನ ವಿಷಯ ಕೇಳಿದ್ದೀಯ. ಮೊದಲು ತಂದವು ಎಮ್ಮೆಚರ್ಮ ಹೊದೆಸಿದವು. ಚರ್ಮ ಸಿಗದಂತಾದ ಮೇಲೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಹೊಲಿದು, ಮೇಲೆ ಟಾರು ಬಳಿದರು. ಬಿದಿರು ತರಲು ಮಾರನಹಳ್ಳಿಯ ಕಡೆಗೆ ಹೋಗುತ್ತಿದ್ದರು, ಘಾಟಿಯ ಬಿದಿರು ಬಗ್ಗಿದರೂ ಸೀಳುವುದಿಲ್ಲ ಎನ್ನುತ್ತಿದ್ದ ನಿನ್ನಪ್ಪ ಚಿನ್ನಮುತ್ತು. ಬಲೆ ತೇಲಲು ಹಳೇ ಹವಾಯಿ ಚಪ್ಪಲಿ ಕತ್ತರಿಸಿ ಕಟ್ಟುತ್ತಿದ್ದರು. ನಿನ್ನ ನೀಲಿ ಚಪ್ಪಲಿ ಸವೆದಾಗ ಅದನ್ನೂ ಬಿಡಲಿಲ್ಲ. ನೀನು ಅತ್ತದ್ದಕ್ಕೆ, "ನಿನ್ ಕಾಲು ಇಲ್ಲೇ ಇರ್ಲಿ ತಾಯಿ, ನಿನ್ ಚಪ್ಪಲಿ ಮಾತ್ರ ಮೀನು ಕೂಡ ನಡೀತದೆ," ಎಂದು ನಗಿಸಿದ್ದ.

ಬಂದ ಹೊಸದರಲ್ಲಿ ಅವರ ಬಲೆಗಳು ಮುಳುಗಿದ ಗೋಡೆ, ಬಾವಿಕಟ್ಟೆಗಳಿಗೆ ಸಿಕ್ಕಿ ಚಿಂದಿಯಾಗುತ್ತಿದ್ದವು. ಒಂದು ಸಂಜೆ ನಿನ್ನಪ್ಪ ನಮ್ಮ ಜಗಲಿಗೆ ಬಂದು, "ಸಾಮಿ, ಒಳಗೆ ಏನೇನು ಐತೆ, ಸ್ವಲ್ಪ ಹೇಳಿ," ಎಂದ. ಕ್ಯಾಲೆಂಡರಿನ ಹಿಂಬದಿಯ ಮೇಲೆ ನಾನು ಊರು ಬರೆದೆ. ಬಾವಿಗಳನ್ನು ಬೆರಳಿಟ್ಟು ತೋರಿಸಿದವಳು ನಿಮ್ಮವ್ವ ದ್ರಾಕ್ಷಾಯಣಿ. ಹಾಗೆ ಶುರುವಾಯಿತು ಅವರಿಬ್ಬರದು. ಲಿಂಗ ಕಟ್ಟಿದ ಹುಡುಗಿ ಮೀನಿನವನ ಹಿಂದೆ ಹೋದಳು ಎಂದು ಊರು ಉಗಿಯಿತು. ಅವರ ಗುಡಿಸಲ ಮುಂದೆ ತಾಳಿ ಕಟ್ಟಿದ ದಿನ ನಮ್ಮ ಕಡೆಯಿಂದ ಹೋದವನು ನಾನೊಬ್ಬನೇ. ಅಂದಿನಿಂದ ನಿನ್ನಪ್ಪ ನನ್ನನ್ನು ಮಚ್ಚಾನ್, ಅಂದರೆ ಭಾವ, ಎಂದು ಕರೆಯಲು ಶುರುಮಾಡಿದ.

ನಕ್ಷೆ ಮೀನು ತೂಗುವ ಶೆಡ್ಡಿನ ಗೋಡೆಗೆ ಅಂಟಿತು. ಊರಿನವರೂ ಬಂದು ಅದರಲ್ಲಿ ತಮ್ಮ ತಮ್ಮ ಮನೆ ಹುಡುಕಿಕೊಂಡು ಹೋಗುತ್ತಿದ್ದರು.

ಒಮ್ಮೆ ನಿನ್ನಪ್ಪ ನಗುತ್ತಾ ಹೇಳಿದ್ದ: "ಮಚ್ಚಾನ್, ನಿಮ್ಮ ಹೊಲದಲ್ಲಿ ಯಾರೋ ಬಲೆ ಹಿಡಿದು ಎಳೀತಾರೆ. ನಿಮ್ಮಪ್ಪನೇ ಇರ್ಬೇಕು."

ಅಲ್ಲೇ ಮೀನು ಆಯುತ್ತಿದ್ದ ನಿಮ್ಮವ್ವ, "ಮಗಳನ್ನ ಕದ್ದೋನ ಬಲೆ ಎಳೀದೆ ಇನ್ನೇನ್ ಮಾಡ್ತಾನೆ ನಮ್ಮಪ್ಪ," ಎಂದಳು.

ನಾನೂ ನಕ್ಕೆ. ಬೇಲಿಕಲ್ಲು ಇದ್ದೀತು ಎಂದೆ.

ಹತ್ತು ವರ್ಷ ಹೀಗೆ ನಡೆಯಿತು. ತೊಂಬತ್ತೊಂದರ ಮೇ ತಿಂಗಳಲ್ಲಿ ನೀರು ಬಹಳ ಇಳಿದಿತ್ತು. ಒಂದು ಸಂಜೆ ಗಾಳಿ ಎದ್ದಿತು, ನಿನ್ನಪ್ಪ ವಾಪಸು ಬರಲಿಲ್ಲ. ಮಾರನೇ ಬೆಳಿಗ್ಗೆ ಅರ್ಧ ಮುಳುಗಿದ ಹರಿಗೋಲು ದಂಡೆಗೆ ಬಂತು. ಮಧ್ಯಾಹ್ನ ನಿನ್ನಪ್ಪ ಸಿಕ್ಕಿದ, ತನ್ನದೇ ಬಲೆಯ ತುಂಡು ಸುತ್ತಿಕೊಂಡು. ಹುಟ್ಟಿದಾಗಿನಿಂದ ಈಜಿದವನು ಹೇಗೆ ಮುಳುಗಿದ ಎಂದು ಅವನ ಜನ ಕೇಳಿದರು. ಕುಡಿದಿದ್ದ ಎಂದು ಊರು ಹೇಳಿತು. ಅದೊಂದು ಮಾತು ಊರಿಗೆ ಸಾಕಾಯಿತು. ಕುಡುಕರು ದಂಡೆಯಲ್ಲಿ ಬೇಡ, ನಮ್ಮ ಹೆಣ್ಣುಮಕ್ಕಳು ನೀರಿಗೆ ಹೋಗುವ ಜಾಗ ಎಂದರು. ಮಳೆಗಾಲ ಹಿಡಿಯುವುದರೊಳಗೆ ಹರಿಗೋಲುಗಳೆಲ್ಲ ಮತ್ತೆ ಲಾರಿಯ ಮೇಲೆ ಬೋರಲಾದವು. ನೀನು ಲಾರಿಯ ಹಿಂದೆ ನಿಮ್ಮವ್ವನ ಮಡಿಲಲ್ಲಿ ಕೂತಿದ್ದೆ. ಗಂಡನನ್ನು ಕುಡಿತಕ್ಕೆ ಕಳೆದುಕೊಂಡವಳು ಎನ್ನುವ ಮಾತನ್ನೂ ಹೊತ್ತುಕೊಂಡು ಅವಳು ಹೋದಳು.

ಅವರಲ್ಲಿ ಒಂದು ಕಟ್ಟಳೆಯಿತ್ತು. ನೀರಿಗೆ ಹೋದವನ ಹರಿಗೋಲನ್ನು ಇನ್ನೊಬ್ಬ ಹತ್ತಬಾರದು, ಮೂರನೇ ದಿನ ಅದನ್ನು ದಂಡೆಯ ಮೇಲೆ ಬೋರಲು ಹಾಕಬೇಕು, ತಾನಾಗಿ ಮಣ್ಣಾಗುವವರೆಗೆ ಮುಟ್ಟಬಾರದು. ನಿನ್ನಪ್ಪನದಕ್ಕೆ ಅದು ಆಗಲಿಲ್ಲ. ಎರಡನೇ ದಿನವೇ ಅದನ್ನು ಸುಟ್ಟರು.

ಇದು ನೀನು ಕೇಳಿದ ಚರಿತ್ರೆ. ಈಗ ನೀವು ಬಂದರೆ ಬೋರ್‌ವೆಲ್ಲಿನ ತಂಟೆ ಇರುವುದಿಲ್ಲ, ಮನೆಮನೆಗೆ ನಲ್ಲಿ ಬಂದಿದೆ. ಮಿಕ್ಕ ವಿಷಯದಲ್ಲಿ ಊರು ಬದಲಾಗಿದೆ ಎಂದು ಬರೆಯಲು ನನಗೆ ಧೈರ್ಯವಿಲ್ಲ. ಆದರೂ ನಮ್ಮ ಜಗಲಿ ಇದೆ. ವಡಿವೇಲು ಸಂಕೋಚಪಡದೆ ಬರಲಿ. ನಿಮ್ಮತ್ತೆ ನಿನಗಾಗಿ ಅಕ್ಕಿರೊಟ್ಟಿಯ ಹಂಚು ತೆಗೆದಿಟ್ಟಿದ್ದಾಳೆ. ನಿಮ್ಮ ಸಂಸಾರ ನೀರಿನ ಮೇಲೂ ನೆಲದ ಮೇಲೂ ಗಟ್ಟಿಯಾಗಿ ನಿಲ್ಲಲಿ. ನಿಮ್ಮವ್ವನಿಗೆ ಅವಳ ಅಣ್ಣ ಕೇಳಿದನೆಂದು ಹೇಳು.

ಇಂತಿ,
ನಿನ್ನ ಮಾವ
ಚಂದ್ರಯ್ಯ

ಮರೆತ ಮಾತು ಎಂದು ಬರೆಯಲು ಹೊರಟೆ. ಮರೆತದ್ದಲ್ಲ.

ಹೊಸ ನಕ್ಷೆ ಇದರೊಳಗೇ ಇದೆ. ಹಳೆಯದನ್ನು ಒಲೆಗೆ ಹಾಕು. ಹಳೆಯದರಲ್ಲಿ ನಮ್ಮ ಹೊಲದ ಮೇಲೆ ನನ್ನ ಕೈಯಲ್ಲೇ "ಬಯಲು, ಏನೂ ಇಲ್ಲ" ಎಂದು ಬರೆದಿದೆ. ಹೊಸದರಲ್ಲಿ ಅಲ್ಲಿ ಕೆಂಪು ಶಾಯಿಯಲ್ಲಿ ಹಲಸಿನ ಮರ ಬರೆದಿದ್ದೇನೆ.

ಆ ಮರವನ್ನು ನಾನು ಕಡಿಯಲಿಲ್ಲ, ಆಶಾ. ಎರಡು ಸಲ ಕೊಡಲಿ ಹಿಡಿದು ಹೋದೆ. ಅಪ್ಪನನ್ನು ಅದರ ಬುಡದಲ್ಲಿ ಕೂರಿಸಿ ಮಣ್ಣು ಕೊಟ್ಟವನು ನಾನು, ಸಸಿ ನೆಟ್ಟವನೂ ನಾನು. ಕೈ ಬರಲಿಲ್ಲ. ಊರಿನ ಮರಗಳನ್ನೆಲ್ಲ ಕಡಿಸಿ ನನ್ನದೊಂದನ್ನು ಉಳಿಸಿಕೊಂಡೆ ಎಂದು ಶೆಡ್ಡಿನ ಗೋಡೆಯ ಮೇಲೆ ಎಲ್ಲರೂ ಓದುವಂತೆ ಹೇಗೆ ಬರೆಯಲಿ? ಆಳದ ನೀರು, ಹೆಚ್ಚೆಂದರೆ ಬಲೆ ಹರಿದೀತು ಎಂದುಕೊಂಡೆ. ನೀರು ಇಳಿಯುತ್ತದೆ ಎನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹರಿಗೋಲು ದಂಡೆಗೆ ಬಂದಾಗ ಮೊದಲು ಮುಟ್ಟಿದವನು ನಾನು. ತಳದಲ್ಲಿ ಮುಷ್ಟಿಯಗಲದ ತೂತು, ಕೆಳಗಿನಿಂದ ಚುಚ್ಚಿದ್ದು. ಬೋರಲು ಹಾಕಿದ್ದರೆ ಎಲ್ಲರಿಗೂ ಕಾಣುತ್ತಿತ್ತು. ನಮ್ಮ ಕಡೆ ಸತ್ತವನ ದೋಣಿ ಸುಡುವುದು ಪದ್ಧತಿ ಎಂದು ನಾನೇ ಹೇಳಿದೆ. ಹೆಣವನ್ನೂ ಸುಡದ ಜನ ನಾವು. ಅವರು ನನ್ನ ಮಾತು ನಂಬಿದರು, ನಕ್ಷೆ ನಂಬಿದ ಹಾಗೆ.

ಅಂದು ನಿಮ್ಮವ್ವ ನನ್ನ ಕೈ ಹಿಡಿದು, "ಅಣ್ಣಾ, ಅಲ್ಲಿ ನೀರೊಳ್ಗೆ ಏನಾದ್ರೂ ಇತ್ತಾ?" ಎಂದು ಕೇಳಿದಳು. "ಏನೂ ಇಲ್ಲ ಕಣವ್ವ, ಕುಡ್ದಿದ್ದ ಅನ್ಸುತ್ತೆ," ಎಂದೆ. ಆ ಮಾತನ್ನು ಊರು ಹುಟ್ಟಿಸಲಿಲ್ಲ. ನಾನು ಹುಟ್ಟಿಸಿದೆ, ಊರು ಬೆಳೆಸಿತು.

ಹೋದ ವಾರ ಮರದ ತುದಿ ನೀರಿನಿಂದ ಮೂರು ಮೊಳ ಮೇಲೆ ಬಂತು. ಚೌಡಮ್ಮ ದಂಡೆಯ ಮೇಲೆ ಕೋಲೂರಿ ನಿಂತು ನೋಡಿದಳು. "ನನ್ ಮಾವು ಕಡ್ಸಿದ್ಯಲ್ಲೋ ಚಂದ್ರ," ಎಂದಳು, ಅಷ್ಟೇ. ಮರ ತಾನಾಗಿ ಹೊರಗೆ ಬರದಿದ್ದರೆ, ವಡಿವೇಲು ಬರುತ್ತೇನೆ ಎನ್ನದಿದ್ದರೆ, ಇದನ್ನು ಬರೆಯುತ್ತಿದ್ದೆನೋ ಇಲ್ಲವೋ ನನಗೇ ಗೊತ್ತಿಲ್ಲ. ಅದನ್ನೂ ತಿಳಿದುಕೋ. ಮೊನ್ನೆ ಬಾಳೆದಿಂಡಿನ ತೆಪ್ಪದ ಮೇಲೆ ಮರದ ಹತ್ತಿರ ಹೋಗಿ ಬಂದೆ. ಕೊಂಬೆಗೆ ಬಲೆ ಇನ್ನೂ ಸುತ್ತಿಕೊಂಡಿದೆ. ಅದರಲ್ಲಿ ನಿನ್ನ ನೀಲಿ ಚಪ್ಪಲಿಯ ತುಂಡು ಇತ್ತು. ಬಿಡಿಸಿ ತಂದಿದ್ದೇನೆ, ಕಳಿಸಲು ಕೈ ಬರುತ್ತಿಲ್ಲ.

ನಮ್ಮ ಜಗಲಿಗೆ ಬರುವುದು ಬಿಡುವುದು ಈಗ ನಿನಗೆ ಸೇರಿದ್ದು. ವಡಿವೇಲು ಬಂದರೆ ಹೊಸ ನಕ್ಷೆಯನ್ನೂ ಪೂರ್ತಿ ನಂಬದೆ ಕೋಲು ಇಳಿಸಿ ನೋಡಿಯೇ ಬಲೆ ಬಿಡಲಿ.

ನಿಮ್ಮವ್ವನಿಗೆ ಓದು ಬರುವುದಿಲ್ಲ. ಮೇಲಿನ ಕಾಗದ ಓದದಿದ್ದರೂ ಪರವಾಗಿಲ್ಲ, ಇಷ್ಟನ್ನು ಓದಿ ಹೇಳು. ನಿನ್ನಪ್ಪ ಅಂದು ಕುಡಿದಿರಲಿಲ್ಲ.