ಕಾಳಿಯ ಮರಳಲ್ಲಿ ಪಿಂಗಾಣಿ ಗುಂಡು

ಸದಾಶಿವಗಡ
ತಾ. ೧೧ ಜೂನ್ ೧೯೩೬

ನಮ್ಮ ಮನೆಯವರಿಗೆ ಕಾಶಿಯ ಪ್ರೀತಿಯ ನಮಸ್ಕಾರಗಳು.

ಮೊದಲು ನಿಮ್ಮ ಕೆಮ್ಮು ಹೇಗಿದೆ ಬರೆಯಿರಿ. ಮುಂಬಯಿಯ ಬಟ್ಟೆ ಗಿರಣಿಯ ಎಂಜಿನ್ ಕೋಣೆಯಲ್ಲಿ ಹೊಗೆ ಕುಡಿದು ಎದೆ ಕಟ್ಟಿದೆ ಎಂದು ಹೋದ ಸಲ ಬರೆದಿದ್ದಿರಿ. ಹಿಪ್ಪಲಿ ಜಜ್ಜಿ ಜೇನಿನಲ್ಲಿ ಕಲಸಿ ನೆಕ್ಕಿ. ಮಾಡಿಕೊಡುವವರು ಯಾರೂ ಇಲ್ಲ ಎಂಬ ನೆವ ಬೇಡ. ಅತ್ತೆ ಗಟ್ಟಿಯಾಗಿದ್ದಾರೆ. ಮಾಡಿಗೆ ಹೊಸ ಗರಿ ಹೊದಿಸುವಾಗ ಕೆಳಗೆ ನಿಂತು ನನಗೂ ನಿಮ್ಮ ಸೋದರಮಾವ ಬೊಮ್ಮಯ್ಯನಿಗೂ ಬುದ್ಧಿ ಹೇಳುತ್ತಲೇ ಇದ್ದರು. ಮಳೆ ಹಿಡಿದಿದೆ.

ಈಗ ಸುದ್ದಿ. ಪುಟ್ಟು ಶೇಟರ ಬಿಳಿಕಲ್ಲಿನ ಗಿರಣಿಗೆ ನಾನು ಸೇರಿದ್ದು ನಿಮ್ಮ ಮನಸ್ಸಿಗೆ ಅಷ್ಟು ಬರಲಿಲ್ಲ, ಗೊತ್ತು. ಆದರೂ ಕೇಳಿ. ಅಲ್ಲಿ ಬಾವಿಯಷ್ಟು ಅಗಲದ ಒಂದು ಪೀಪಾಯಿ ಅಡ್ಡ ಮಲಗಿದೆ. ನಾವು ಒಡೆದ ಕಲ್ಲಿನ ಚೂರು, ನೀರು, ಪಿಂಗಾಣಿ ಗುಂಡುಗಳನ್ನು ಅದಕ್ಕೆ ತುಂಬಿ ಬಾಯಿ ಬಿಗಿಯುತ್ತಾರೆ. ಎಂಜಿನ್ ಅದನ್ನು ತಿರುಗಿಸಿದಾಗ ಗುಂಡುಗಳು ಮೇಲೇರಿ, ಉರುಳಿ ಬಿದ್ದು, ಕಲ್ಲನ್ನು ದೋಸೆಹಿಟ್ಟಿನಂತೆ ಅರೆಯುತ್ತವೆ. ಮುಂಬಯಿಯಲ್ಲಿ ಅದರಿಂದ ಚಹದ ಬಶಿ ಮಾಡುತ್ತಾರಂತೆ. ಕಬ್ಬಿಣದ ಗುಂಡು ಹಾಕಿದರೆ ತುಕ್ಕಿನ ಬಣ್ಣ ಹತ್ತಿ ಎಲ್ಲ ಹಾಳು; ಪಿಂಗಾಣಿಯದೇ ಆಗಬೇಕು. ಅದೂ ಸವೆಯುತ್ತದೆ. ಈ ಬೇಸಿಗೆಯ ಹೊತ್ತಿಗೆ ನಮ್ಮವು ಗಜ್ಜುಗದಷ್ಟಾಗಿ, ಎಷ್ಟು ತಿರುಗಿಸಿದರೂ ಹಿಟ್ಟು ತರಿತರಿಯಾಗಿಯೇ ಉಳಿಯುತ್ತಿತ್ತು.

ಹೊಸ ಗುಂಡುಗಳು ಮಳೆಗಾಲಕ್ಕೆ ಮುಂಚಿನ ಕೊನೆಯ ಆಗಬೋಟಿನಲ್ಲಿ ಬಂದವು. ಬೊಮ್ಮಯ್ಯ ಮಾವ ಕಾರವಾರದ ಬಂದರಿನಿಂದ ಪೆಟ್ಟಿಗೆಗಳನ್ನು ತಮ್ಮ ದೋಣಿಗೆ ಹೇರಿಕೊಂಡು ಕಾಳಿ ಹೊಳೆಯ ಬಾಯಿಗೆ ಬರುವಷ್ಟರಲ್ಲಿ ಗಾಳಿ ಎದ್ದಿತು. ಮರಳುದಿಬ್ಬದ ಹತ್ತಿರ ಒಂದು ತೆರೆ ದೋಣಿಯನ್ನು ಮಗುಚಿತು. ಮಾವ ಈಜಿ ದಡ ಸೇರಿದರು, ದೋಣಿಯೂ ಸಿಕ್ಕಿತು. ಪೆಟ್ಟಿಗೆಗಳು ಒಡೆದು ಗುಂಡುಗಳೆಲ್ಲ ನೀರಿನ ಪಾಲಾದವು. ಶೇಟರು ದಡದಲ್ಲಿ ಕೂತುಬಿಟ್ಟರು. ಮಾವನನ್ನು ಒಂದು ಮಾತೂ ಬೈಯಲಿಲ್ಲ, ಅದು ಅವರ ದೊಡ್ಡತನ. ಇನ್ನು ಆಗಬೋಟು ಬರುವುದು ಮಳೆಗಾಲ ಕಳೆದ ಮೇಲೆ, ಅಲ್ಲಿಯವರೆಗೆ ಗಿರಣಿ ಮುಚ್ಚುತ್ತೇನೆ ಎಂದರು. ಮೀನೂ ಇಲ್ಲದ ಆ ತಿಂಗಳುಗಳು ನಮ್ಮ ಕೇರಿಗೆ ಹೇಗಿರುತ್ತವೆ ಎಂದು ನಿಮಗೆ ಹೇಳಬೇಕೆ? ಗಿರಣಿಯ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ನಾವೆಲ್ಲ ಚಿಕ್ಕಂದಿನಿಂದ ಅದೇ ಮರಳನ್ನು ಕಾಲಿನಿಂದ ತಡಕಿ ಬಳಚಿನ ಚಿಪ್ಪು ಹೆಕ್ಕಿದವರು. ನಾನೇ ಹೇಳಿದೆ: "ಇಳಿತ ಆಗ್ಲಿ ಶೇಟ್ರೆ. ಬಳಚು ಸಿಗೂ ಕಾಲಿಗೆ ಗುಂಡು ಸಿಗ್ದೇ ಹೋಗ್ತದ್ಯಾ?"

ಮರುದಿನ ಸೀರೆ ಎತ್ತಿ ಕಟ್ಟಿ, ಕೈ ಕೈ ಹಿಡಿದು ಸಾಲಾಗಿ ಇಳಿದೆವು. ಸೊಂಟದಷ್ಟು ನೀರು. ಮೊದಲು ಬರೀ ಬಳಚು, ಬರೀ ಕಲ್ಲು. ಆಮೇಲೆ ನನ್ನ ಪಕ್ಕದಲ್ಲಿದ್ದ ಕಾಮಿಯ ಹಿಮ್ಮಡಿಗೆ ಏನೋ ನುಣ್ಣಗೆ ತಾಗಿತು; ಬಗ್ಗಿ ಎತ್ತಿದರೆ ನಿಂಬೆಹಣ್ಣಿನಷ್ಟು ದಪ್ಪದ ಬಿಳಿ ಗುಂಡು. ಅಲ್ಲಿಂದ ಮುಂದೆ ಒಂದೊಂದಾಗಿ ಸಿಗುತ್ತಲೇ ಹೋದವು. ಬುಟ್ಟಿ ತುಂಬಿದ ಹಾಗೆ ದಡಕ್ಕೆ ಸಾಗಿಸಿದೆವು. ಘಟ್ಟದ ಮೇಲೆ ಜೋರು ಮಳೆಯಾಗಿತ್ತೋ ಏನೋ, ಒಮ್ಮೆಲೇ ನೀರು ಕೆಂಪಾಗಿ ಸೆಳೆತ ಹೆಚ್ಚಿತು. ಸಾಲಿನ ತುದಿಯಲ್ಲಿದ್ದ ನಾಗಿಯ ಕಾಲು ಜಾರಿತು. ನಾನು ಅವಳ ಮುಡಿ ಹಿಡಿದೆ, ನನ್ನನ್ನು ಕಾಮಿ ಹಿಡಿದಳು. ಒಂದು ಗಳಿಗೆ ನನ್ನ ಕಾಲಡಿ ಮರಳೇ ಇರಲಿಲ್ಲ. ಆಗ ನಿಮ್ಮ ನೆನಪಾಯಿತು, ಸುಳ್ಳು ಹೇಳುವುದಿಲ್ಲ. ಶೇಟರು ಧೋತರ ಕಚ್ಚೆ ಕಟ್ಟಿ, ಗುಂಡು ಹಾಳಾಗಲಿ, ಎಲ್ಲರೂ ಮೇಲೆ ಬನ್ನಿ ಎನ್ನುತ್ತ ಎದೆಮಟ್ಟ ನೀರಿಗೆ ಬಂದು ನಮ್ಮನ್ನು ಎಳೆದುಕೊಂಡರು. ದಡದಲ್ಲಿ ನಾಗಿ ಕುಡಿದ ನೀರೆಲ್ಲ ಕಾರಿ, ಮೆಲ್ಲಗೆ ಮುಷ್ಟಿ ಬಿಚ್ಚಿದಳು. "ಮುಡಿ ಕಿತ್ರೂ ಗುಂಡು ಬಿಡ್ಲಿಲ್ಲ ನೋಡೇ ಮಾರಾಯ್ತಿ" ಎಂದಳು. ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದೆವು.

ಸಿಕ್ಕಿದ್ದು ಪೀಪಾಯಿಗೆ ಸಾಕಾಯಿತು. ಸಿಹಿನೀರಿನಲ್ಲಿ ತೊಳೆದು, ಬಿರುಕು ಬಿಟ್ಟವನ್ನು ಬೇರೆ ಮಾಡಿ ತುಂಬಿದೆವು. ಹಿಟ್ಟು ಹೊರಗೆ ಬಂದಾಗ ಬೆರಳ ನಡುವೆ ತಿಕ್ಕಿ ನೋಡಿದೆ, ಬೆಣ್ಣೆಯ ಹಾಗಿತ್ತು. ನೀರಿಗಿಳಿದವರಿಗೆಲ್ಲ ಮಳೆಗಾಲವಿಡೀ ಕೆಲಸ ಬೇಕು ಎಂದು ಎಲ್ಲರೆದುರು ಕೇಳಿದೆ, ಶೇಟರು ಎಲ್ಲರೆದುರೇ ಒಪ್ಪಿದರು. ಪೀಪಾಯಿ ತುಂಬುವ, ತೆಗೆಯುವ ಉಸ್ತುವಾರಿ ಈಗ ನನ್ನದು.

ಅತ್ತೆಯ ಆಶೀರ್ವಾದ, ಮಾವನ ನೆನಕೆ ನಿಮಗೆ ಮುಟ್ಟಲಿ. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮವಳೇ ಆದ
ಕಾಶಿ

ತಾ. ಕ.: ಟಪಾಲು ಹೊರಡುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಗಿರಣಿಯ ಎಂಜಿನ್ ನೋಡುತ್ತಿದ್ದ ಮುದುಕ ಕಣ್ಣು ಮಂಜಾಗಿ ಅಂಕೋಲೆಗೆ ಮಗಳ ಮನೆಗೆ ಹೊರಟಿದ್ದಾನೆ. ಆ ಕೆಲಸ ಬಲ್ಲವರು ನಮ್ಮ ಮನೆಯಲ್ಲೇ ಇದ್ದಾರೆ ಎಂದು ಶೇಟರಿಗೆ ಹೇಳಿಬಿಟ್ಟೆ, ಅವರು ಹೂಂ ಅಂದರು. ನನ್ನನ್ನು ಕರೆಸಿಕೊಳ್ಳಲೆಂದು ನೀವು ನೋಡಿಟ್ಟ ಬಾಡಿಗೆ ಖೋಲಿ ಬೇಡ ಎನ್ನಿ. ನಾನು ಮುಂಬಯಿಗೆ ಬರುವುದಿಲ್ಲ. ನಿಮ್ಮನ್ನು ಮೊದಲು ಕೇಳಲಿಲ್ಲ. ಕೇಳಿದ್ದರೆ ಯೋಚಿಸುತ್ತ ಕೂರುತ್ತಿದ್ದಿರಿ. ರೈಲಿನಲ್ಲಿ ಹುಬ್ಬಳ್ಳಿಗೆ ಬಂದು ಮೋಟಾರು ಹಿಡಿಯಿರಿ. ಕೋಡಿಬಾಗದಲ್ಲಿ ಹೊಳೆ ದಾಟಿಸುವ ತಾರಿ ದೋಣಿಗೆ ನಿಂತಾಗ ಈಚೆ ದಡ ನೋಡಿ, ನಾನು ನಿಂತಿರುತ್ತೇನೆ.