ಅಮ್ಮನ ತೆರೆಯಲ್ಲಿ ನವಿಲಿಲ್ಲ

ಮಳವಳ್ಳಿ
15-2-2025, ಶನಿವಾರ

ಪ್ರೀತಿಯ ಇಂದ್ರಿಗೆ,

ಯಲಿಯೂರಿನಲ್ಲಿ ನೀನೂ ಮೊಮ್ಮಗುವೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಸಂಕ್ರಾಂತಿಗೆ ನೀನು ಎಳ್ಳು ಕಳಿಸಿದ್ದೆ, ಮುಟ್ಟಿತೆಂದು ಕೂಡ ನಾನು ತಿಳಿಸಲಿಲ್ಲ, ಬೈದುಕೊಂಡಿರುತ್ತೀ. ಫೋನು ಮಾಡಬಹುದಿತ್ತು. ಆದರೆ ನಿನ್ನ ಫೋನು ಸದಾ ಸ್ಪೀಕರಿನಲ್ಲಿರುತ್ತದೆ, ನನ್ನ ಸಂಕಟ ಇಡೀ ಬೀದಿಗೆ ಕೇಳುವುದು ಬೇಡವೆಂದು ಬರೆಯುತ್ತಿದ್ದೇನೆ.

ನಮ್ಮೂರಮ್ಮನ ಗುಡಿಗೆ ತೆರೆ ಹೊಲಿಯುವುದು ನಾನೇ ಎಂದು ನಿನಗೆ ಗೊತ್ತು. ಅಲಂಕಾರದ ಹೊತ್ತಿನಲ್ಲಿ ಅಮ್ಮನ ಮುಂದೆ ಎಳೆಯುವ ಬಟ್ಟೆ. ಪ್ರತಿ ಸಲವೂ ಎರಡು ನವಿಲು, ನಡುವೆ ತಾವರೆ. ಈ ಸಲ ಮಗಳು ಚಂದನ ಮೈಸೂರಿನ ಚಿತ್ರಕಲಾ ಕಾಲೇಜಿನಿಂದ ಒಂದು ದಪ್ಪ ಪುಸ್ತಕ ತಂದಿದ್ದಳು. ನೂರು ವರ್ಷದ ಹಿಂದೆ ರಷ್ಯಾದಲ್ಲಿ ಕೆಲವರು ಮರ, ಮನುಷ್ಯ, ಹೂವು ಏನೂ ಬರೆಯದೆ ಬರೀ ಚೌಕ, ವೃತ್ತ, ಓರೆ ಪಟ್ಟಿಗಳಲ್ಲೇ ಚಿತ್ರ ಮಾಡಿದರಂತೆ. ಸುಪ್ರಮಾಟಿಸಂ ಎಂದು ಹೆಸರು. ನನ್ನ ನಾಲಿಗೆ ಹೊರಳಲಿಲ್ಲ. "ಇದೇನೇ, ಕತ್ರಿಸಿ ಉಳಿದ ಚಿಂದಿ ಅಂಟುಸವ್ರೆ!" ಎಂದು ಮೊದಲು ನಕ್ಕೆ. ಆಮೇಲೆ ಒಲೆ ಮುಂದೆ ಕೂತರೂ ಅದೇ ಧ್ಯಾನ. ಒಂದು ಪಟ್ಟಿಯನ್ನು ಓರೆಯಾಗಿಟ್ಟರೆ ಸಾಕು, ಬಟ್ಟೆಯೆಲ್ಲ ಎದ್ದು ಹೊರಟ ಹಾಗಿರುತ್ತದೆ. ಖಾಲಿ ಜಾಗ ಕಂಡಲ್ಲೆಲ್ಲ ನಾವು ಬಳ್ಳಿ ತುಂಬುತ್ತಿದ್ದೆವಲ್ಲ, ಅವರು ಅದನ್ನು ಸುಮ್ಮನೆ ಬಿಟ್ಟಿದ್ದಾರೆ.

ಈ ಸಲದ ತೆರೆಯನ್ನೂ ಹಾಗೆಯೇ ಹೊಲಿದೆ. ಅರಿಶಿನ ಬಣ್ಣದ ಬಟ್ಟೆ. ನಡುವಿನಿಂದ ತುಸು ಸರಿಸಿ ಕುಂಕುಮದ ಬಣ್ಣದ ದೊಡ್ಡ ವೃತ್ತ, ಅದಕ್ಕೆ ತಾಗಿದ ಹಸಿರು ಓರೆ ಪಟ್ಟಿ, ಮೂಲೆಗೆ ಹಾರುವಂತೆ ಚೌಕಗಳು. ಅಷ್ಟೇ. ಸ್ನಾನ ಮಾಡದೆ ಸೂಜಿ ಮುಟ್ಟಲಿಲ್ಲ.

ಗುಡಿಯ ಯಜಮಾನ ಚಿಕ್ಕಬೋರಯ್ಯನವರು ಬಿಡಿಸಿ ನೋಡಿದರು. "ಇದೇನಮ್ಮ ಚಲುವಮ್ಮ, ತೆರೆ ಒಲಿ ಅಂದ್ರೆ ಕೇರಂ ಬೋರ್ಡ್ ಒಲ್ಕಬಂದಿದ್ದೀಯ! ನವ್ಲೆಲ್ಲಿ, ಆರೋಯ್ತಾ?"

"ಬೆಳ್ಳಿ ಮುಖ ಇಕ್ಕಕ್ ಮುಂಚೆ ಅಮ್ಮನೂ ಬರೀ ಕಲ್ಲೇ ಅಲ್ವೇನಣ್ಣ?" ಎಂದೆ.

"ಬಾಯಿಗೇನೂ ಬರ ಇಲ್ಲ ಬುಡು. ಅಮ್ಮನ್ನೇ ಕೇಳವ. ಬಲಗಡೆ ಊ ಕೊಟ್ರೆ ಕಟ್ಟವ. ಎಡಗಡೆ ಕೊಟ್ರೆ ನವ್ಲಿರೋದ್ನ ಒಲ್ಕಬಾ. ಆಗ್ದಿದ್ರೆ ಬ್ಯಾರೆಯವ್ರು ಒಲೀತಾರೆ."

ಆಮೇಲೆ ಮುತ್ತತ್ತಿರಾಯನಿಗೂ ಹರಕೆ ಹೊತ್ತೆ. ಈ ಸೇವೆ ಅತ್ತೆಯ ಕೈಯಿಂದ ನನಗೆ ಬಂದದ್ದು. ಎಡಗಡೆ ಆದರೆ ಅದು ಕೈತಪ್ಪಿದ ಹಾಗೆಯೇ. ನವಿಲಿಗೆ ಮತ್ತೆ ಕೂರುವುದು ನನ್ನಿಂದಾಗದು.

ನಿನ್ನೆ ಪೂಜಾರಪ್ಪ ಅಮ್ಮನ ಎರಡು ಭುಜಕ್ಕೂ ಹೂ ಅಂಟಿಸಿ, ತೆರೆಯನ್ನು ಪಾದದ ಬಳಿ ಇಟ್ಟರು. ಊದುಬತ್ತಿ ಉರಿದು ಮುಗಿಯಿತು, ಹೂ ಕದಲಲಿಲ್ಲ. ಹಿಂದಿನಿಂದ ಯಾರೋ, "ಅಮ್ಮಂಗೂ ಅರ್ಥ ಆಗ್ನಿಲ್ಲ ಕಣ್ಲಾ" ಎಂದು ಕಿಸಕ್ಕೆಂದರು. ನಾನು ಸೆರಗೊಡ್ಡಿ ನಿಂತೇ ಇದ್ದೆ. ಕೊನೆಗೆ ಚಿಕ್ಕಬೋರಯ್ಯನವರೇ ಕೂಗಿದರು: "ಬಲಗಡೆ ಕಣಮ್ಮೋ! ಬಲಗಡೆ!"

ತೆರೆ ಕಟ್ಟಿದರು. ಚಂದನ ಫೋಟೋ ತೆಗೆದು ತನ್ನ ಮೇಷ್ಟ್ರಿಗೆ ಕಳಿಸಿದ್ದಾಳೆ.

ಅಮ್ಮ ನಿನ್ನ ಮನೆಮಂದಿಯನ್ನೆಲ್ಲ ಮಡಿಲಲ್ಲಿಟ್ಟು ಕಾಯಲಿ. ಸೊಸೆಯ ಮೇಲೆ ರೇಗಬೇಡ.

ನಿನ್ನ
ಚಲುವಿ

ಇನ್ನೊಂದು ಮಾತು: ನನ್ನ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆಯಂತೆ. ಹೋದ ದೃಷ್ಟಿ ಮರಳುವುದಿಲ್ಲ ಎಂದಿದ್ದಾರೆ ಮಂಡ್ಯದ ಡಾಕ್ಟರು. ದೊಡ್ಡದು ಕಾಣುತ್ತದೆ, ಸಣ್ಣದು ಕರಗಿಹೋಗುತ್ತದೆ. ಅದಕ್ಕೇ ಕಾಗದದಲ್ಲಿ ಇಷ್ಟು ದಪ್ಪ ಅಕ್ಷರ. ಈ ಸಲವೂ ಮೊದಲು ನವಿಲಿನ ಗರಿಗೇ ಕೂತಿದ್ದೆ, ಆಗಲೇ ಗೊತ್ತಾದದ್ದು. ವೃತ್ತದ ಅಂಚನ್ನು ಬೆರಳಲ್ಲಿ ತಡವಿಕೊಂಡು ಹೊಲಿದೆ. ಆ ಚಿತ್ರಗಳನ್ನು ಮೆಚ್ಚಿದ್ದು ಸುಳ್ಳಲ್ಲ ಇಂದ್ರಿ. ಅವು ಸಿಕ್ಕದಿದ್ದರೆ ಸೂಜಿಯನ್ನೇ ಬಿಡುತ್ತಿದ್ದೆ. ಚಂದನಳಿಗೆ ಹೇಳಿಲ್ಲ, ಓದು ಬಿಟ್ಟು ಬಂದುಬಿಡುತ್ತಾಳೆ. ನಿನ್ನೆ ಹೂ ಬಿದ್ದದ್ದೂ ನನಗೆ ಕಾಣಲಿಲ್ಲ. ಸುತ್ತಲಿನವರ ಬಳೆ ಸದ್ದು ಕೇಳಿ ನಾನೂ ಕೈ ಮುಗಿದೆ.